ಚೀಲ ಕೊಡವುವ ಕೈ

ಕೋಳಿಗಳ ಮೇವು ಬೆರೆಸುವ ದಿನ ಆ ಮನೆಗೆ ಗಡಿಯಾರ ಬೇಕಿರಲಿಲ್ಲ. ಮೇವಿನ ಕೋಣೆಯಿಂದ ಫಟ್ ಫಟ್ ಎಂಬ ಸದ್ದು ಬಂತೆಂದರೆ ಬೆಳಗಿನ ಕೆಲಸ ಅರ್ಧ ಮುಗಿದಿದೆಯೆಂದೇ ಅರ್ಥ. ಅತ್ತಿಗೆ ಎಂಜೈಮ್ ಪುಡಿಯ ಚೀಲವನ್ನು ಬರಿದು ಮಾಡುವ ಸದ್ದು ಅದು. ಒಂದು ಬೆರಕೆಗೆ ಒಂದು ಪುಟ್ಟ ಚೀಲ. ಸುರಿದು ಮುಗಿದ ಮೇಲೂ ಅತ್ತಿಗೆ ಅದನ್ನು ಸುಮ್ಮನೆ ಬಿಸಾಡುತ್ತಿರಲಿಲ್ಲ. ಒಳಮಗ್ಗುಲು ಹೊರಗೆ ಮಾಡಿ, ಟಬ್ಬಿನ ಮೇಲೆ ತಲೆಕೆಳಗಾಗಿ ಹಿಡಿದು, ಮೂಲೆಮೂಲೆಗೂ ಅಂಗೈಯಿಂದ ಬಾರಿಸಿ ಕೊಡವುತ್ತಿದ್ದರು. ಆಮೇಲೆ ಟಬ್ಬಿಗೆ ಬಗ್ಗಿ, ಆ ಪುಡಿಯನ್ನು ಒಂದಿಷ್ಟು ಜೋಳದ ಹಿಟ್ಟಿನ ಜೊತೆ ಎರಡು ಕೈಗಳ ನಡುವೆ ಉಜ್ಜಿ ಉಜ್ಜಿ ಹದ ಮಾಡಿ, ಮೇವು ಬೆರೆಸುವ ದೊಡ್ಡ ಯಂತ್ರಕ್ಕೆ ಹಾಕುತ್ತಿದ್ದರು. ಕೋಣೆಯ ಕಿಟಕಿ ಮುಚ್ಚಿರುತ್ತಿತ್ತು, ಫ್ಯಾನು ನಿಂತಿರುತ್ತಿತ್ತು. ಅದು ಯಜಮಾನನ, ಎಂದರೆ ಅವರ ಮೈದುನನ, ಕಟ್ಟಪ್ಪಣೆ.

"ಕಿಟಕಿ ಒಂಚೂರು ತೆಗೀಲೇನಪ್ಪಾ? ಸೆಖೆ" ಎಂದು ಅತ್ತಿಗೆ ಒಮ್ಮೆ ಕೇಳಿದ್ದರು.

"ಬೇಡ ಅತ್ತಿಗೆ, ಗಾಳಿಗೆ ಅರ್ಧ ಪುಡಿ ಹಾರಿಹೋಗುತ್ತೆ. ಕೋಳಿ ಹೊಟ್ಟೆಗೆ ಹೋಗ್ಬೇಕಾದ್ದು ಬೇಲಿ ಪಾಲಾಗುತ್ತೆ" ಎಂದಿದ್ದ ಅವನು.

ಹೊರಗೆ ಬರುವಾಗ ಅತ್ತಿಗೆಯ ಹುಬ್ಬಿಗೆ, ಮೂಗಿನ ತುದಿಗೆ, ಕುತ್ತಿಗೆಯ ಮಡಿಕೆಗೆ ನಸುಗಂದು ಧೂಳು ಅಂಟಿರುತ್ತಿತ್ತು. "ಅಕ್ಕಾ, ನಿಮಗೆ ಪೌಡರಿನ ಖರ್ಚೇ ಇಲ್ಲ ನೋಡಿ" ಎಂದು ಯಜಮಾನನ ಹೆಂಡತಿ ಛೇಡಿಸಿದರೆ, "ಕೋಳಿಗೂ ನನಗೂ ಒಂದೇ ಪೌಡರು ಕಣೇ" ಎಂದು ಅವರು ನಗುತ್ತಿದ್ದರು. ಆ ನಗು ಈಚೀಚೆಗೆ ಕೆಮ್ಮಿನಲ್ಲಿ ಮುಗಿಯುತ್ತಿತ್ತು.

ಆ ಪುಡಿಯ ಮೇಲೆ ಮನೆಯವರಿಗೆಲ್ಲ ಅಭಿಮಾನವಿದ್ದದ್ದು ಸುಳ್ಳಲ್ಲ. ಅದಕ್ಕೆ ಮುಂಚೆ ಮಾಂಸದ ಕೋಳಿಗಳ ಹಿಕ್ಕೆ ಅಂಟಂಟಾಗಿ, ಶೆಡ್ಡಿನ ಹೊಟ್ಟಿನ ಹಾಸು ಸದಾ ಒದ್ದೆಯಾಗಿ, ಕೋಳಿಗಳ ಪಾದಗಳಲ್ಲಿ ಹುಣ್ಣೇಳುತ್ತಿತ್ತು. ವಾಸನೆಗೆ ನೆರೆಯವರು ಮೂಗು ಮುರಿಯುತ್ತಿದ್ದರು. ಯಜಮಾನ ಪೇಟೆಯಲ್ಲಿ ಕಂಪನಿಯವರು ಕರೆದಿದ್ದ ಸಭೆಗೆ ಹೋಗಿ ಬಂದು, ಮೇವಿಗೆ ಈ ಪುಡಿ ಸೇರಿಸಲು ಶುರುಮಾಡಿದ. ಕಾಳಿನಲ್ಲಿ ಕೋಳಿಯ ಹೊಟ್ಟೆ ಅರಗಿಸಿಕೊಳ್ಳಲಾರದ ಗಟ್ಟಿ ಪದಾರ್ಥವನ್ನು ಅದು ಒಡೆದುಕೊಡುತ್ತದಂತೆ. ತಿಂದದ್ದು ಮೈಗೆ ಹತ್ತುತ್ತದಂತೆ. ಹೇಳಿದಂತೆಯೇ ಆಯಿತು. ಹಾಸು ಒಣಗಿತು, ಪಾದಗಳು ವಾಸಿಯಾದವು, ಕೋಳಿಗಳು ಸಮನಾಗಿ ಬೆಳೆದವು. ಅಲ್ಲಿಂದ ಮುಂದೆ ಅವನು ಮಾತೆತ್ತಿದರೆ ಟನ್ನಿಗೆ ಇಷ್ಟು ಗ್ರಾಂ, ಅಷ್ಟು ಗ್ರಾಂ ಎನ್ನತೊಡಗಿದ. ಹೆಂಡತಿ ಅವನಿಗೆ 'ಗ್ರಾಂ ಸಾಹೇಬರು' ಎಂದು ಹೆಸರಿಟ್ಟಳು.

ಫಾರಂ ಶುರುಮಾಡಿದ್ದು ಅವನಲ್ಲ, ಅವನ ಅಣ್ಣ. ಅಣ್ಣನೂ ಅತ್ತಿಗೆಯೂ ಸೇರಿ ಮೊದಲ ಮರಿಗಳನ್ನು ಬಿಟ್ಟುಕೊಂಡಾಗ ಇವನಿನ್ನೂ ಓದುತ್ತಿದ್ದ. ಅಣ್ಣ ತೀರಿಕೊಂಡ ಮೇಲೆ ಹೊರಗಿನ ವ್ಯವಹಾರ ಇವನ ಹೆಗಲಿಗೆ ಬಂತು. ಒಳಗಿನದೆಲ್ಲ ಅತ್ತಿಗೆಯದೇ. ಅವರಿಗೆ ಮಕ್ಕಳಿರಲಿಲ್ಲ. ಹೊಸ ಮರಿಗಳು ಬಂದ ವಾರ ಅವರು ಶೆಡ್ಡಿನಲ್ಲಿ ಒಂದು ಮಣೆ ಹಾಕಿಕೊಂಡು ಕೂತುಬಿಡುತ್ತಿದ್ದರು. ಮರಿಗಳ ಚಿಲಿಪಿಲಿ ಕೇಳಿಯೇ ಚಳಿಯೋ ಹಸಿವೋ ಎಂದು ಹೇಳುತ್ತಿದ್ದರು. ಯಜಮಾನನಿಗೆ ಅವರ ಮೇಲಿದ್ದದ್ದು ಬರೀ ಗೌರವವಲ್ಲ, ತಾಯಿಯ ಮೇಲಿರುವಂಥ ಪ್ರೀತಿ. ಇಷ್ಟೆಲ್ಲ ಹೇಳುವುದೇಕೆಂದರೆ, ಅವರಿಗೆ ಕೆಡುಕು ಮಾಡಿದವನೂ ಅವನೇ. ಅದೂ ಒಳ್ಳೆಯದು ಮಾಡಲು ಹೋಗಿ.

ಕೆಮ್ಮು ಮೊದಲು ಸಂಜೆ ಹೊತ್ತು ಮಾತ್ರ ಬರುತ್ತಿತ್ತು. ಆಮೇಲೆ ಉಸಿರಿನೊಳಗೆ ಸಣ್ಣಗೆ ಸೀಟಿ ಹೊಡೆದಂತೆ ಸದ್ದು ಸೇರಿತು. ಕೋಳಿಗಳನ್ನು ಮಾರಿ, ಶೆಡ್ಡು ತೊಳೆದು, ಮುಂದಿನ ಮರಿಗಳು ಬರುವ ತನಕ ಖಾಲಿ ಬಿಡುವ ದಿನಗಳಲ್ಲಿ ಅತ್ತಿಗೆ ಹೂವಿನಂತೆ ಹಗುರಾಗುತ್ತಿದ್ದರು. ಮರಿಗಳು ಬಂದವೆಂದರೆ ಮತ್ತೆ ಎದೆ ಹಿಡಿದುಕೊಳ್ಳುತ್ತಿತ್ತು. ಇದನ್ನು ಕಂಡುಹಿಡಿದವನು ಯಜಮಾನನೇ. ಕಂಡುಹಿಡಿದೆನೆಂದು ತನ್ನ ಬೆನ್ನು ತಾನೇ ತಟ್ಟಿಕೊಂಡ ಕೂಡ.

"ಅತ್ತಿಗೆ, ನಿಮಗೆ ಕೋಳಿ ಆಗಿಬರ್ತಿಲ್ಲ. ಪುಕ್ಕದ ಧೂಳು, ಹಿಕ್ಕೆ ಘಾಟು. ಇನ್ಮೇಲೆ ನೀವು ಶೆಡ್ಡಿಗೆ ಕಾಲಿಡಕೂಡದು" ಎಂದ, ಕಡ್ಡಿ ತುಂಡು ಮಾಡಿದ ಹಾಗೆ.

"ಇಷ್ಟು ವರ್ಷ ಆಗಿಬಂದಿದ್ದು ಈಗೇನಾಯ್ತಪ್ಪಾ?"

"ವಯಸ್ಸಾಯ್ತಲ್ಲ ಅತ್ತಿಗೆ. ಶೆಡ್ಡು ಇವಳು ನೋಡ್ಕೋತಾಳೆ. ನೀವು ನೆರಳಲ್ಲಿ ಕೂತು ಮೇವು ಬೆರೆಸಿಕೊಡಿ, ಸಾಕು. ಇವಳು ಒಮ್ಮೊಮ್ಮೆ ಮಾಡೋ ಬೆರಕೆನೂ ಇನ್ನು ನೀವೇ ನೋಡ್ಕೊಳ್ಳಿ. ಕೈಗೆ ಕೆಲಸ ಇರುತ್ತೆ, ಮೈಗೆ ಆಯಾಸ ಇರಲ್ಲ."

ಅತ್ತಿಗೆ ಶೆಡ್ಡಿನಿಂದ ತಮ್ಮ ಮಣೆ ತಂದು ಮೇವಿನ ಕೋಣೆಯಲ್ಲಿ ಹಾಕಿಕೊಂಡರು. ಮರಿಗಳು ಬಂದ ದಿನ ಶೆಡ್ಡಿನ ತಂತಿಜಾಲದ ಆಚೆ ನಿಂತು ಇಣುಕಿ ನೋಡಿ, ಯಾರೋ ಬಂದರೆಂದು ಸರಕ್ಕನೆ ಹಿಂದೆ ಸರಿದರು. ತಮ್ಮದೇ ಫಾರಂನಲ್ಲಿ ಕದ್ದು ನೋಡುವ ಗತಿ ಅವರಿಗೆ. ನೋಡಿದವಳು ಯಜಮಾನನ ಹೆಂಡತಿ.

ಕೋಳಿಯಿಂದ ದೂರವಿಟ್ಟರೂ ಉಬ್ಬಸ ಇಳಿಯಲಿಲ್ಲ, ಏರಿತು. ಬಚ್ಚಲಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲತೊಡಗಿದರು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ವಿಷಯ ತೆಗೆದಳು. "ರೀ, ಅಕ್ಕ ಶೆಡ್ಡು ಬಿಟ್ಟು ಎಷ್ಟು ಕಾಲ ಆಯ್ತು? ಕೋಳಿಯಿಂದ್ಲೇ ಆಗಿದ್ರೆ ಇಷ್ಟೊತ್ತಿಗೆ ಕಮ್ಮಿ ಆಗ್ಬೇಕಿತ್ತಲ್ವಾ?"

"ಕೋಳಿ ವಾಸನೆ ಮನೆ ತನಕ ಬರುತ್ತಲ್ಲ."

"ಮನೆ ತನಕ ಬರೋದು ನನಗೂ ಬರುತ್ತೆ. ನನಗೇನಾಗಿದೆ?"

"ನೀನು ಗಟ್ಟಿಗಿತ್ತಿ" ಎಂದು ನಗಾಡಿದ. ಅವಳು ನಗಲಿಲ್ಲ. ಅವನು ತಟ್ಟೆಯಲ್ಲಿ ಬೆರಳಾಡಿಸುತ್ತ, ಕೆಲವು ದಿನಗಳಿಂದ ಮನಸ್ಸಿನಲ್ಲಿದ್ದದ್ದನ್ನು ಹೊರಹಾಕಿದ. "ಅತ್ತಿಗೇನ ಅವರ ತಂಗಿ ಮನೇಲಿ ಬಿಡೋಣ ಅಂತಿದೀನಿ. ಪೇಟೆಯಲ್ಲಿ ಕೋಳಿ ಇಲ್ಲ, ಏನಿಲ್ಲ. ಅಲ್ಲೇ ಇರ್ಲಿ, ಖಾಯಂ ಆಗಿ. ಅವರ ಜೀವಕ್ಕಿಂತ ಈ ಮೇವಿನ ಕೆಲಸ ಹೆಚ್ಚೇ?"

ಅಡುಗೆಮನೆಯೊಳಗೆ ಪಾತ್ರೆಯ ಸದ್ದು ನಿಂತುಹೋಯಿತು. ಅತ್ತಿಗೆಗೆ ಕೇಳಿಸಿತ್ತು. ಆವತ್ತಿನಿಂದ ಕೆಮ್ಮು ಬಂದರೆ ಹಿತ್ತಿಲಿಗೆ ಹೋಗಿ ಕೆಮ್ಮಿ ಬರುವುದು, ಉಸಿರು ಸಾಲದಾದರೆ ಏನೋ ಹುಡುಕುವವರಂತೆ ಬಗ್ಗಿ ನಿಲ್ಲುವುದು ಶುರುವಾಯಿತು. ಈ ಮನೆ ಬಿಟ್ಟು ಹೋಗುವುದಕ್ಕಿಂತ ಉಸಿರು ಬಿಗಿಹಿಡಿದು ಬದುಕುವುದೇ ಮೇಲೆಂದು ಅವರು ತೀರ್ಮಾನಿಸಿದ್ದರು.

ಉಸಿರು ಹಾಗೆಲ್ಲ ಮಾತು ಕೇಳುವುದಿಲ್ಲ. ಮುಂದಿನ ಬೆರಕೆಯ ದಿನ ಫಟ್ ಫಟ್ ಸದ್ದು ನಡುವೆಯೇ ನಿಂತಿತು. ಹೆಂಡತಿ ಓಡಿಹೋಗಿ ನೋಡಿದರೆ ಅತ್ತಿಗೆ ಮೇವಿನ ಕೋಣೆಯ ಹೊಸ್ತಿಲ ಮೇಲೆ ಕುಸಿದಿದ್ದರು. ತುಟಿ ನೀಲಿಗಟ್ಟಿತ್ತು. ಕೈಯಲ್ಲಿ ಚೀಲ ಹಾಗೇ ಇತ್ತು. ಯಜಮಾನ ಅವರನ್ನು ಮಗುವನ್ನೆತ್ತಿದಂತೆ ಎತ್ತಿ ಗಾಡಿಗೆ ಹಾಕಿದ. ದಾರಿಯುದ್ದಕ್ಕೂ ಅವನ ಬಾಯಲ್ಲಿ "ಅತ್ತಿಗೆ, ಅತ್ತಿಗೆ" ಎಂಬುದೊಂದೇ ಮಾತು.

ಆಸ್ಪತ್ರೆಯಲ್ಲಿ ಮೂಗಿಗೆ ಔಷಧಿಯ ಹಬೆ ಹಿಡಿದು, ಸೂಜಿ ಕೊಟ್ಟು, ಉಸಿರನ್ನು ಒಂದು ದಾರಿಗೆ ತಂದರು. ಮಾರನೆಯ ದಿನ ಎದೆರೋಗದ ಡಾಕ್ಟರಮ್ಮ ಬಂದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಯಾವಾಗಿಂದ ಹೀಗೆ?"

"ಒಂದು ವರ್ಷದ ಮೇಲಾಯ್ತು ಮೇಡಂ" ಎಂದ ಯಜಮಾನ. "ಕೋಳಿ ಧೂಳು. ಅದಕ್ಕೇ ನಾನು ಇವರನ್ನ ಶೆಡ್ಡಿಗೆ ಬಿಡ್ತಾ ಇಲ್ಲ."

"ಯಾವ ಹೊತ್ತಲ್ಲಿ ಜಾಸ್ತಿ ಆಗುತ್ತೆ?"

"ಸಂಜೆ ಹೊತ್ತು ಮೇಡಂ. ಇವರಿಗೆ—"

ಡಾಕ್ಟರಮ್ಮ ಅವನತ್ತ ತಿರುಗಿದರು. ದನಿ ಏರಿಸಲಿಲ್ಲ. "ಉಸಿರು ಇವರದು. ಇವರೇ ಹೇಳ್ಲಿ."

ಯಜಮಾನ ಒಂದು ಹೆಜ್ಜೆ ಹಿಂದೆ ಸರಿದ. ಅತ್ತಿಗೆ ಅವನ ಮುಖ ನೋಡಿದರು, ಡಾಕ್ಟರಮ್ಮನ ಮುಖ ನೋಡಿದರು. ಕಳ್ಳತನ ಒಪ್ಪಿಕೊಳ್ಳುವವರ ದನಿಯಲ್ಲಿ ಹೇಳಿದರು: "ಪುಡಿ ಬೆರೆಸಿದ ದಿನ ಬರುತ್ತೆ."

"ಯಾವ ಪುಡಿ?"

"ಕೋಳಿ ಮೇವಿಗೆ ಹಾಕೋ ಎಂಜೈಮ್ ಪುಡಿ. ಬೆರೆಸೋವಾಗ ಮೂಗಲ್ಲಿ ನೀರು ಸುರಿಯುತ್ತೆ. ಸಂಜೆಗೆ ಎದೆ ಬಿಗಿಯುತ್ತೆ. ಬೆರಕೆ ಇಲ್ಲದ ದಿನ ಅಷ್ಟಿರಲ್ಲ. ಶೆಡ್ಡು ಖಾಲಿ ಇರೋವಾಗ ಬೆರಕೆನೂ ಇಲ್ಲ, ಕೆಮ್ಮೂ ಇಲ್ಲ."

ಯಜಮಾನ ಮಂಚದ ಕಡೆ ಬಗ್ಗಿದ. "ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ಹೇಳಿದ್ರೆ ಏನ್ಮಾಡ್ತಿದ್ದೆ?" ಅತ್ತಿಗೆಯ ಕಣ್ಣು ತುಂಬಿತು. "ಕೋಳಿ ಆಗಲ್ಲ ಅಂತ ಶೆಡ್ಡು ಬಿಡಿಸ್ದೆ. ಪುಡಿನೂ ಆಗಲ್ಲ ಅಂದಿದ್ರೆ ಮೇವಿನ ಕೋಣೆನೂ ಬಿಡಿಸ್ತಿದ್ದೆ. ಆಮೇಲೆ ನಾನು ಆ ಮನೇಲಿ ಯಾತಕ್ಕೆ? ಇಲ್ಲಾಂದ್ರೆ ಪುಡಿ ಹಾಕೋದೇ ನಿಲ್ಲಿಸ್ತಿದ್ದೆ. ಮತ್ತೆ ಕೋಳಿ ಕಾಲೆಲ್ಲ ಹುಣ್ಣಾಗ್ತಿತ್ತು."

ಡಾಕ್ಟರಮ್ಮ ಅವರ ಮಾತು ಮುಗಿಯುವ ತನಕ ಕಾದರು. ಕೋಣೆ ಎಂಥದು, ಕಿಟಕಿ ಉಂಟೋ, ಮೂಗಿಗೆ ಏನು ಕಟ್ಟಿಕೊಳ್ಳುತ್ತೀರಿ ಎಂದೆಲ್ಲ ಒಂದೊಂದಾಗಿ ಕೇಳಿದರು. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಬರೀ ಮುಖದಲ್ಲಿ ಚೀಲ ಕೊಡವುತ್ತಿದ್ದರೆಂದು ಕೇಳಿದಾಗ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. "ಆ ಪುಡಿ ಕೋಳಿಗೆ ಒಳ್ಳೇದೇ ಇರಬಹುದು. ಹೊಟ್ಟೆಗೆ ಹೋಗೋದು ಬೇರೆ, ಎದೆಗೆ ಹೋಗೋದು ಬೇರೆ. ಇಂಥ ಪುಡಿ ಉಸಿರಲ್ಲಿ ಹೋಗ್ತಾ ಹೋಗ್ತಾ ಕೆಲವರ ಮೈ ಅದನ್ನ ಶತ್ರು ಅಂತ ತಿಳ್ಕೊಂಡುಬಿಡುತ್ತೆ. ಒಂದು ಸಲ ಹಾಗಾದ್ರೆ ಚಿಟಿಕೆ ಪುಡಿನೂ ಸಾಕು. ಪರೀಕ್ಷೆ ಮಾಡಿ ಖಚಿತ ಮಾಡ್ಕೊಳ್ಳೋಣ. ಅಲ್ಲೀವರೆಗೂ ನೀವು ಆ ಕೋಣೆ ಕಡೆ ತಲೆ ಹಾಕಬಾರದು."

ಪರೀಕ್ಷೆಯಲ್ಲೂ ಅದೇ ಬಂತು.

ಯಜಮಾನ ಅತ್ತಿಗೆಯನ್ನು ಗಾಡಿಯಲ್ಲಿ ಮನೆಗೆ ಕರೆತಂದ. ಅವರನ್ನು ಮಲಗಿಸಿ ಬಂದು ಜಗುಲಿಯಲ್ಲಿ ಕೂತವನ ಪಕ್ಕ ಹೆಂಡತಿ ಚಹಾ ತಂದಿಟ್ಟಳು.

"ನನಗೆ ಹೇಳಿದ್ರು ಕಣೇ" ಎಂದ.

"ಯಾರು? ಏನು?"

"ಪುಡಿ ಕಂಪನಿಯವನು, ಆ ಸಭೇಲಿ. ಮಾಸ್ಕ್ ಹಾಕ್ಕೊಂಡು ಸುರೀರಿ, ಧೂಳೆಬ್ಬಿಸಬೇಡಿ ಅಂದಿದ್ದ. ನಾನು ಕೇಳಿಸ್ಕೊಂಡೆ. ಎಷ್ಟು ಗ್ರಾಂ ಹಾಕ್ಬೇಕು ಅನ್ನೋದು ತಲೇಲಿ ಕೂತ್ಕೊಂತು. ಇದು ಕೂತ್ಕೊಳ್ಳಲಿಲ್ಲ." ಅವನು ಚಹಾದ ಲೋಟ ಪಕ್ಕಕ್ಕೆ ಸರಿಸಿದ. "ಸುರಿಯೋನು ನಾನಲ್ವಲ್ಲ. ಅದಕ್ಕೇ ಕೂತ್ಕೊಳ್ಳಲಿಲ್ಲ."

ಹೆಂಡತಿಗೆ ಸಿಟ್ಟು ಬಂದದ್ದು ನಿಜ. ನಾಲ್ಕು ಮಾತು ಆಡಿಬಿಡಬೇಕೆಂದು ಬಾಯಿಗೆ ಬಂದದ್ದೂ ನಿಜ. ಅವನ ಮುಖ ನೋಡಿ ನುಂಗಿಕೊಂಡಳು. "ಇದನ್ನ ನನಗೆ ಹೇಳಿ ಏನು ಪ್ರಯೋಜನ? ಒಳಗೆ ಮಲಗಿದ್ದಾರಲ್ಲ, ಅವರಿಗೆ ಹೇಳಿ" ಎಂದಷ್ಟೇ ಅಂದಳು.

ಅವನು ಹೇಳಿದ. ಅತ್ತಿಗೆ ಗೋಡೆಯ ಕಡೆ ಮುಖ ಮಾಡಿ ಕೇಳಿಸಿಕೊಂಡರು. ಪರವಾಗಿಲ್ಲ ಬಿಡು ಎಂದು ಅವರು ಅನ್ನಲಿಲ್ಲ. ಅನ್ನಬಹುದೆಂದು ಅವನು ಕಾದಿದ್ದ. ಕೊನೆಗೆ ಅವರು ಕೇಳಿದ್ದು ಒಂದೇ: "ಹಾಗಾದ್ರೆ ಕೋಳಿದೇನೂ ತಪ್ಪಿಲ್ಲ ತಾನೆ? ನಾನು ಮರಿಗಳ ಹತ್ರ ಹೋಗ್ಬಹುದಾ?"

ಅವನಿಗೆ ಅಳು ತಡೆಯಲಾಗಲಿಲ್ಲ.

ಕಂಪನಿಯವನನ್ನು ಕರೆಸಿದರು. ಸಭ್ಯ ಮನುಷ್ಯ. ಬಂದವನು ಮೇವಿನ ಕೋಣೆಯ ಬಾಗಿಲಲ್ಲೇ ನಿಂತು, ಒಳಗೆ ಹೆಜ್ಜೆಯಿಡುವ ಮುಂಚೆ ಜೇಬಿನಿಂದ ಮಾಸ್ಕ್ ತೆಗೆದು ಹಾಕಿಕೊಂಡ. ಅದನ್ನು ನೋಡಿ ಹೆಂಡತಿ ಗಂಡನ ಮುಖ ನೋಡಿದಳು.

"ಇದೆಲ್ಲ ನಾನು ಸಭೇಲಿ ಹೇಳಿದ್ದೆ ಸರ್" ಎಂದ ಅವನು, ನೊಂದುಕೊಂಡೇ. "ನಮ್ಮ ಕಡೆಯಿಂದ ತಪ್ಪಾಗಿಲ್ಲ."

"ಹೇಳಿದ್ರಿ. ನನಗೆ ಹೇಳಿದ್ರಿ" ಎಂದ ಯಜಮಾನ. "ಮನೆ ತನಕ ಬಂದಾಗ್ಲೂ ಜಗುಲಿಯಲ್ಲಿ ಕೂತು ನನ್ನ ಜೊತೆ ಚಹಾ ಕುಡಿದು ಹೋದ್ರಿ. ಒಳಗೆ ಯಾರು ಬೆರೆಸ್ತಾರೆ ಅಂತ ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ನಿಮ್ಮನ್ನ ಬೈಯೋಕೆ ಕರೆಸ್ಲಿಲ್ಲ. ಹೇಗೆ ಸುರೀಬೇಕು, ತೋರಿಸಿ."

ಕಂಪನಿಯವನು ತೋರಿಸಿದ. ಮೊದಲು ಕಿಟಕಿ ತೆಗೆಸಿದ, ಗಾಳಿ ಹೊರಗೆಳೆಯುವ ಫ್ಯಾನು ಹಾಕಿಸಬೇಕೆಂದ. ಚೀಲದ ಬಾಯಿಯನ್ನು ಟಬ್ಬಿನ ತಳಕ್ಕೇ ಮುಟ್ಟಿಸಿ ನಿಧಾನವಾಗಿ ಬಿಡಬೇಕು. ಕೈಯಲ್ಲಿ ಉಜ್ಜುವ ಬದಲು ಮುಚ್ಚಳವಿರುವ ಡಬ್ಬದಲ್ಲಿ ಹಾಕಿ ಉರುಳಿಸಬೇಕು. ಧೂಳೇಳದ ಹಾಗೆ ಸಣ್ಣ ಹರಳಿನಂತೆ ಮಾಡಿದ ಬಗೆಯೂ ಉಂಟು, ಇನ್ನು ಮೇಲೆ ಅದನ್ನೇ ಕಳಿಸುತ್ತೇನೆಂದ.

"ಚೀಲ ಕೊಡವೋದು?" ಎಂದಳು ಹೆಂಡತಿ.

"ಕೊಡವಲೇಬಾರದಮ್ಮ. ಚೀಲದಲ್ಲಿ ಉಳಿಯೋ ಅಷ್ಟು ಪುಡಿ ಕೋಳಿಗೆ ಲೆಕ್ಕಕ್ಕೇ ಇಲ್ಲ."

ಅಂಗಳದ ಆಚೆ ಬದಿಯಲ್ಲಿ ಕೂತಿದ್ದ ಅತ್ತಿಗೆಗೆ ಅದು ಕೇಳಿಸಿತು. ಲೆಕ್ಕಕ್ಕೇ ಇಲ್ಲದ ಆ ಧೂಳಿಗೆ ತಾವು ಕೈ ಕೆಂಪಗಾಗುವಷ್ಟು ಚೀಲ ಬಾರಿಸಿದ್ದು ನೆನಪಾಗಿ, ನಗಬೇಕೋ ಅಳಬೇಕೋ ತಿಳಿಯದೆ ಸೆರಗಿನ ತುದಿ ಬಾಯಿಗೊತ್ತಿಕೊಂಡರು.

ಅಂದಿನಿಂದ ಪುಡಿ ಸುರಿಯುವುದು ಯಜಮಾನನ ಕೆಲಸವಾಯಿತು. ಮಾಸ್ಕ್ ಕಟ್ಟಿ, ಕನ್ನಡಕ ಹಾಕಿ, ತುಂಬುತೋಳಿನ ಅಂಗಿ ತೊಟ್ಟು ಹೊರಟರೆ ಹೆಂಡತಿ, "ಗ್ರಾಂ ಸಾಹೇಬರ ಸವಾರಿ ಹೊರಟಿತು" ಎನ್ನುತ್ತಿದ್ದಳು. ಕೆಲಸ ಮುಗಿದ ಮೇಲೆ ಬಟ್ಟೆ ಬದಲಿಸಿ, ಮೈ ತೊಳೆದುಕೊಂಡೇ ಅತ್ತಿಗೆಯ ಹತ್ತಿರ ಹೋಗುತ್ತಿದ್ದ. ಬೆರಕೆಯ ದಿನ ಅತ್ತಿಗೆ ಮನೆಯ ಇನ್ನೊಂದು ಮಗ್ಗುಲಿನಿಂದ ಈಚೆಗೆ ಬರುತ್ತಿರಲಿಲ್ಲ. ಉಳಿದ ದಿನ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಶೆಡ್ಡಿಗೆ ಹೋಗಲು ಡಾಕ್ಟರಮ್ಮ ಒಪ್ಪಿದರು. ಹಾಸು ಒಣಗಿಯೇ ಇತ್ತು, ಕೋಳಿಗಳು ಮೊದಲಿನಂತೆಯೇ ಬೆಳೆದವು. ಅತ್ತಿಗೆಯ ಎದೆ ಮಾತ್ರ ಪೂರ್ತಿ ಮೊದಲಿನಂತಾಗಲಿಲ್ಲ. ಔಷಧಿ ಸೇದುವ ಪಂಪು ಸೆರಗಿನ ಗಂಟಿನಲ್ಲಿ ಸದಾ ಇರಬೇಕಿತ್ತು.

ಕಂಪನಿಯವರು ಮತ್ತೊಂದು ಸಭೆ ಕರೆದಾಗ ಯಜಮಾನ ಅತ್ತಿಗೆಯನ್ನು ಹೊರಡಿಸಿದ. "ಗಂಡಸರ ಸಭೆಗೆ ನಾನ್ಯಾಕಪ್ಪಾ?" ಎಂದರು. "ಕೋಳಿ ಸಾಕೋರ ಸಭೆ ಅತ್ತಿಗೆ. ನೀವು ಸಾಕಿಲ್ವಾ?" ಎಂದ.

ಸಭಾಂಗಣ ಭರ್ತಿಯಾಗಿತ್ತು. ಹೆಂಗಸೆಂದರೆ ಅವರೊಬ್ಬರೇ. ಕಂಪನಿಯವನು ಪರದೆಯ ಮೇಲೆ ಚಿತ್ರ ತೋರಿಸುತ್ತ ಕೋಳಿಯ ತೂಕ, ಒಣ ಹಾಸು, ಹೊಸ ಹರಳು ಪುಡಿ ಎಂದೆಲ್ಲ ವಿವರಿಸಿದ. ಮಾಸ್ಕಿನ ವಿಷಯ ಈ ಸಲ ಬಿಡದೆ ಒತ್ತಿ ಹೇಳಿದ. ಆದರೆ ಅಷ್ಟು ಹೊತ್ತಿಗೆ ಪಕ್ಕದ ಕೋಣೆಯಲ್ಲಿ ತಟ್ಟೆ ಜೋಡಿಸುವ ಸದ್ದು ಶುರುವಾಗಿ, ಅರ್ಧ ಜನ ಕುರ್ಚಿ ಸರಿಸುತ್ತಿದ್ದರು.

ಯಜಮಾನ ಎದ್ದು ನಿಂತ. ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲದವನು, ಮುಂದಿನ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡ. "ಊಟಕ್ಕೆ ಮುಂಚೆ ಒಂದು ಮಾತು. ಇಲ್ಲಿ ಕೂತಿರೋರಲ್ಲಿ ಪುಡಿ ಚೀಲಾನ ಸ್ವಂತ ಕೈಯಾರೆ ಸುರಿಯೋರು ಯಾರ್ಯಾರಿದೀರಿ? ಕೈ ಎತ್ತಿ."

ತನ್ನ ಕೈ ತಾನು ಎತ್ತಿದ. ಹಿಂದಿನ ಸಾಲಿನಲ್ಲಿ ಒಬ್ಬ ಅರ್ಧ ಎತ್ತಿ, ಯೋಚಿಸಿ, ಇಳಿಸಿದ. ಬೇರೆ ಯಾರೂ ಎತ್ತಲಿಲ್ಲ.

"ಮತ್ತೆ ಯಾರು ಸುರೀತಾರೆ?" ಎಂದರು ಅತ್ತಿಗೆ, ಕೂತಲ್ಲಿಂದಲೇ.

"ನಮ್ಮನೇಲಿ ಅವಳು" ಎಂದಿತು ಒಂದು ದನಿ. "ನಮ್ಮ ತಾಯಿ" ಎಂದಿತು ಇನ್ನೊಂದು. "ಕೆಲಸದವರು" ಎಂದ ಮತ್ತೊಬ್ಬ, ಮೆಲ್ಲಗೆ.

ಅತ್ತಿಗೆ ಎದ್ದರು. ಏಳುವಾಗಲೇ ಉಸಿರಿನ ಸೀಟಿ ಹತ್ತಿರದವರಿಗೆ ಕೇಳಿಸಿತು. "ನಾನು ಸುರೀತಿದ್ದೆ. ಈ ಮಾಸ್ಕಿನ ಮಾತು ನನ್ನ ತನಕ ಬರಲೇ ಇಲ್ಲ. ಈಗ ಇಲ್ಲಿಗೆ ಬರೋವಾಗ ನಿಮ್ಮ ಮೆಟ್ಟಿಲನ್ನ ಮೂರು ಕಡೆ ನಿಂತು ಹತ್ತಿದೆ. ಪುಡಿ ಕೆಟ್ಟದ್ದಲ್ಲ, ಹಾಕಿ. ಮನೇಲಿ ಸುರಿಯೋರಿಗೆ ಒಂದು ಮಾತು ಹೇಳಿ, ಅಷ್ಟೇ" ಎಂದು ಕೂತುಬಿಟ್ಟರು.

ಯಾರೂ ಊಟಕ್ಕೆ ಏಳಲಿಲ್ಲ. ಅತ್ತಿಗೆಯ ಪಕ್ಕದಲ್ಲಿದ್ದ ದಪ್ಪ ಮೀಸೆಯವನೊಬ್ಬ ಜೇಬಿನಿಂದ ಫೋನು ತೆಗೆದು, ಅಲ್ಲೇ ಗೋಡೆಯ ಕಡೆ ತಿರುಗಿ ನಿಂತ.

"ಲೇ, ಇವತ್ತು ಬೆರಕೆ ಶುರು ಮಾಡಿಬಿಟ್ಯಾ?... ಇಲ್ಲ, ಬೈಯಲ್ಲ. ಇದ್ದಷ್ಟು ಅಲ್ಲೇ ಬಿಡು... ಹಾಳಾದ್ರೆ ಆಗ್ಲಿ, ನಾನು ಬಂದು ಹಾಕ್ತೀನಿ. ನೀನು ಮೊದಲು ಆ ಕೋಣೆಯಿಂದ ಆಚೆ ಬಾ... ಬಂದ್ಯಾ?"

ಅವನು ಉತ್ತರಕ್ಕೆ ಕಾಯುತ್ತಿದ್ದಾಗ, ಬಾಗಿಲ ಹತ್ತಿರ ಇನ್ನೂ ಇಬ್ಬರು ಫೋನು ಕಿವಿಗಿಟ್ಟುಕೊಂಡು ನಿಂತಿದ್ದರು.